ಧಾರವಾಡದಲ್ಲಿ ಕೂತು ‘ಅಮೆರಿಕಾಸ್ ಕಪ್’ ಹಾಯಿದೋಣಿ ಪಂದ್ಯದ ಇತಿಹಾಸ ಓದುವುದು ಹೇಗೆ?

ನಮ್ಮ ಸಾಧನಕೇರಿಯಲ್ಲಿ ರೇಸಿನ ಹಾಯಿದೋಣಿ (ಯಾಟ್) ಎಲ್ಲಿಂದ ಬರಬೇಕು? ಪುಸ್ತಕವೇ ಗತಿ.

ಮೊದಲು 1851ರ ಅಧ್ಯಾಯ ತೆಗೆಯಿರಿ. ಇಂಗ್ಲೆಂಡಿನ ವೈಟ್ ದ್ವೀಪದ ನಕ್ಷೆ ಪಕ್ಕದಲ್ಲಿರಲಿ. ಕಪ್‌ಗೆ ಹೆಸರು ಕೊಟ್ಟ ‘ಅಮೆರಿಕಾ’ ಎಂಬ ದೋಣಿ ದ್ವೀಪ ಸುತ್ತಿ ಗೆದ್ದ ದಾರಿಯನ್ನು ಪೆನ್ಸಿಲ್‌ನಿಂದ ಗುರುತಿಸಿ. ಆಮೇಲಿನ ಶ್ರೀಮಂತರ ಔತಣದ ಪುಟಗಳನ್ನು ನಾನಂತೂ ಸುಮ್ನೆ ಹಾರಿಸುತ್ತೇನೆ.

1983ಕ್ಕೆ ಬಂದಾಗ ನಿಧಾನ ಮಾಡಿ. 132 ವರ್ಷ ನ್ಯೂಯಾರ್ಕ್ ಯಾಟ್ ಕ್ಲಬ್ ಬಿಟ್ಟುಕೊಡದ ಆ ಕಪ್ ಅನ್ನು ‘ಆಸ್ಟ್ರೇಲಿಯಾ 2’ ದೋಣಿ 4–3ರಿಂದ ಕಿತ್ತುಕೊಂಡಿತು, ಅದೂ 1–3 ಹಿಂದಿದ್ದಾಗ! ಗುಟ್ಟು ಇದ್ದದ್ದು ಕೀಲ್‌ನಲ್ಲಿ, ಅಂದರೆ ದೋಣಿಯ ತಳದಿಂದ ನೀರೊಳಗೆ ಚಾಚಿದ ಭಾಗದಲ್ಲಿ. ಅದಕ್ಕೆ ರೆಕ್ಕೆ ಇದ್ದವು. ಅದರ ಚಿತ್ರವಿಲ್ಲದ ಪುಸ್ತಕ ಕೊಳ್ಳಬೇಡಿ. ಈ ಕೀಲ್ ಬಗ್ಗೆ ದೊಡ್ಡ ಜಗಳವೇ ಆಯಿತು. ಹಾಗಾಗಿ ಅಮೆರಿಕದವರು ಬರೆದದ್ದೊಂದು, ಆಸ್ಟ್ರೇಲಿಯಾದವರು ಬರೆದದ್ದೊಂದು ಜೊತೆಗಿಟ್ಟು ಓದಿ.