ಒಂಟಿ ಸಂಬಳದಲ್ಲಿ ಬೆಂಗಳೂರಿನ ತಿಂಗಳು ತೂಗಿಸುವುದು

ಬೆಂಗಳೂರಿನಲ್ಲಿ ಒಬ್ಬರೇ ಇದ್ದು, ಕೈಗೆ 22,000 ರೂಪಾಯಿಯ ಆಸುಪಾಸಿನಲ್ಲಿ ಸಂಬಳ ಪಡೆಯುವವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಹೊರಗಿನ ಕಾಫಿ ಬಿಡಿ. ದಿನಕ್ಕೊಂದು ಕಾಫಿ ಬಿಟ್ಟರೆ ತಿಂಗಳಿಗೆ ಉಳಿಯುವುದು ಐದಾರು ನೂರು ರೂಪಾಯಿ. ಬಾಡಿಗೆಯ ಜಾಗವನ್ನು ಸರಿಯಾಗಿ ಆರಿಸಿಕೊಳ್ಳದಿದ್ದರೆ ಅದರ ನಾಲ್ಕೈದು ಪಟ್ಟು ಹಣ ಪ್ರತಿ ತಿಂಗಳೂ ಸದ್ದಿಲ್ಲದೆ ಸೋರಿಹೋಗುತ್ತದೆ. ಆದ್ದರಿಂದ ಲೆಕ್ಕವನ್ನು ಮನೆಯಿಂದಲೇ ಆರಂಭಿಸುವುದು ಒಳ್ಳೆಯದು.

ಬಾಡಿಗೆ ಮತ್ತು ಓಡಾಟದ ಖರ್ಚನ್ನು ಬೇರೆಬೇರೆಯಾಗಿ ನೋಡದೆ ಒಟ್ಟಿಗೆ ಕೂಡಿಸಿ ನೋಡಬೇಕು. ಆ ಮೊತ್ತ ಸಂಬಳದ ನೂರಕ್ಕೆ ನಲವತ್ತನ್ನು, ಅಂದರೆ ಇಲ್ಲಿ 8,800 ರೂಪಾಯಿಯನ್ನು, ಮೀರದಂತೆ ನೋಡಿಕೊಳ್ಳುವುದು ಕ್ಷೇಮ. ಬಾಡಿಗೆ ಎರಡು ಸಾವಿರ ಕಡಿಮೆಯೆಂದು ಊರಾಚೆ ಕೋಣೆ ಹಿಡಿದು ದಿನವೂ ಮೆಟ್ರೊದಲ್ಲಿ ದೂರ ಓಡಾಡಿದರೆ ಉಳಿತಾಯ ಉಳಿಯುವುದಿಲ್ಲ. 2025ರ ಫೆಬ್ರುವರಿಯ ಏರಿಕೆಯಲ್ಲಿ ಮೆಟ್ರೊದ ಗರಿಷ್ಠ ದರ 90 ರೂಪಾಯಿಗೆ ತಲುಪಿತು. ಆ ದರದಲ್ಲಿ ಹೋಗಿಬರುವ ಖರ್ಚು, ಕಾರ್ಡಿನ ರಿಯಾಯಿತಿಯನ್ನು ಬಿಟ್ಟು ಲೆಕ್ಕ ಹಾಕಿದರೆ, 25 ದಿನಕ್ಕೆ 4,500 ರೂಪಾಯಿ. ಬಿಎಂಟಿಸಿಯ ಸಾಮಾನ್ಯ ಮಾಸಿಕ ಪಾಸಿಗೆ 2025ರ ಜನವರಿಯ ಪರಿಷ್ಕರಣೆಯಲ್ಲಿ ನಿಗದಿಯಾದದ್ದು 1,200 ರೂಪಾಯಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ಓಡಾಡುವ ಮಹಿಳೆಯರಿಗೆ ಈ ಖರ್ಚೂ ಇಲ್ಲವಾದ್ದರಿಂದ, ಅವರು ದೂರದ ಮನೆಯನ್ನು ಹಣದ ಲೆಕ್ಕಕ್ಕಿಂತ ಹೊತ್ತಿನ ಮತ್ತು ಸುರಕ್ಷತೆಯ ಲೆಕ್ಕದಲ್ಲಿ ಅಳೆಯಬೇಕಾಗುತ್ತದೆ.

ಕೋಣೆ ಹಿಡಿಯಲು ಹೋದವರಿಗೆ ಎದುರಾಗುವ ಮೊದಲ ಗೋಡೆ ಅಡ್ವಾನ್ಸ್. 7,000 ರೂಪಾಯಿ ಬಾಡಿಗೆಗೆ 50,000 ಕೇಳುವುದು ಇಲ್ಲಿ ವಿಶೇಷವೇನಲ್ಲ. ಈ ಹಣಕ್ಕಾಗಿ ಸಾಲ ಮಾಡುವ ಬದಲು ಮೊದಲ ವರ್ಷ ಊಟವೂ ಸೇರಿರುವ ಪಿಜಿಯಲ್ಲಿ ಇಬ್ಬರು ಮೂವರೊಡನೆ ಕೋಣೆ ಹಂಚಿಕೊಂಡಿದ್ದು, ಅಡ್ವಾನ್ಸಿನ ಗಂಟನ್ನು ಕೂಡಿಸಿಕೊಳ್ಳುವುದು ಜಾಣತನ. ಮುಂದೆ ಕೋಣೆ ಸಿಕ್ಕಾಗ ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಪೇಂಟಿಂಗ್ ಎಂಬ ಮಾತು ಎಲ್ಲಿದೆಯೆಂದು ಹುಡುಕಿ ಓದಬೇಕು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣದ ಹೆಸರಿನಲ್ಲಿ ಹಿಡಿದುಕೊಳ್ಳುವುದು ವಾಡಿಕೆ. ನೀವು ಆರು ತಿಂಗಳಿದ್ದರೂ ಅಷ್ಟೇ, ಆರು ವರ್ಷವಿದ್ದರೂ ಅಷ್ಟೇ. ನೀರಿನ ಹಣ ಎಷ್ಟು, ವಿದ್ಯುತ್ತಿಗೆ ಪ್ರತ್ಯೇಕ ಮೀಟರ್ ಇದೆಯೇ ಎಂಬುದನ್ನೂ ಅಡ್ವಾನ್ಸ್ ಕೊಡುವ ಮುನ್ನವೇ ಕೇಳಿ. ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರೂ ಅದರ ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆಯನ್ನು ತಮ್ಮ ಆಧಾರ್‌ಗೆ ಜೋಡಿಸಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲಾಭ ಪಡೆಯಬಹುದು. ಮನೆ ಬದಲಿಸಿದಾಗ ಹಳೆಯ ಸಂಖ್ಯೆಯ ಜೋಡಣೆಯನ್ನು ಬಿಡಿಸುವುದನ್ನು ಮರೆಯಬಾರದು.

ಅಡುಗೆಯಲ್ಲಿ ಒಂಟಿಯಾಗಿರುವವರ ಕಷ್ಟವೇ ಬೇರೆ. ನಾಲ್ಕು ಜನರ ಮನೆಯ ಅಳತೆಯಲ್ಲಿ ಕೊಂಡ ಸೊಪ್ಪು ಬಾಡುತ್ತದೆ, ತೆಂಗಿನಕಾಯಿಯ ಅರ್ಧ ಹೋಳು ಹಳಸುತ್ತದೆ, ಕೊನೆಗೆ ಸುಸ್ತಾದ ಸಂಜೆಯಲ್ಲಿ ಆ್ಯಪ್ ತೆರೆದು ಊಟ ತರಿಸಿಕೊಳ್ಳುವಂತಾಗುತ್ತದೆ. ಇದಕ್ಕೆ ಉಪಾಯ ಪಾತ್ರೆಯಿಂದಲೇ ಶುರುವಾಗುತ್ತದೆ. ಎರಡು ಲೀಟರಿನ ಕುಕ್ಕರ್ ಕೊಂಡು, ಅಡಿಯಲ್ಲಿ ಒಂದು ಹಿಡಿ ತೊಗರಿಬೇಳೆ ಮತ್ತು ಟೊಮೆಟೊ, ಅದರ ಮೇಲೆ ಸಣ್ಣ ಬಟ್ಟಲಿನಲ್ಲಿ ಮುಕ್ಕಾಲು ಲೋಟ ಅಕ್ಕಿ ಇಟ್ಟರೆ ಒಂದೇ ಉರಿಯಲ್ಲಿ ಅನ್ನವೂ ಸಾರಿನ ಬೇಳೆಯೂ ಆಗುತ್ತವೆ. ಊರಿನಿಂದ ತಂದ ಸಾರಿನ ಪುಡಿ, ಹುಣಸೆ ರಸ, ಒಗ್ಗರಣೆ ಬಿದ್ದರೆ ಎರಡು ಹೊತ್ತಿನ ಊಟ ಮುಗಿಯಿತು. ಫ್ರಿಜ್ ಇಲ್ಲದವರು ಕಾಯಿ ಹಾಕಿದ ಹುಳಿಗಿಂತ ಇಂಥ ತಿಳಿಸಾರನ್ನೇ ನೆಚ್ಚಿಕೊಳ್ಳುವುದು ಮೇಲು. ಹೆಸರುಕಾಳು, ಹುರುಳಿಕಾಳು ಮತ್ತು ರಾಗಿ ಹಿಟ್ಟು ಡಬ್ಬಿಯಲ್ಲಿ ಕೆಡದೆ ಉಳಿಯುತ್ತವಾದ್ದರಿಂದ ಅವನ್ನು ತಿಂಗಳಿಗೊಮ್ಮೆ ಕೊಳ್ಳಬಹುದು. ತರಕಾರಿಯನ್ನು ಮಾತ್ರ ಗಾಡಿಯವರ ಬಳಿ ಕಾಲು ಕಿಲೋ ಲೆಕ್ಕದಲ್ಲಿ, ಎರಡು ದಿನಕ್ಕೆ ಬೇಕಾದಷ್ಟೇ, ಸಂಕೋಚವಿಲ್ಲದೆ ಕೇಳಿ ಕೊಳ್ಳಬೇಕು. ವಿಳಾಸದ ದಾಖಲೆಯಿಲ್ಲದೆ ಗ್ಯಾಸ್ ಸಂಪರ್ಕ ಸಿಗದವರಿಗೆ, ಗುರುತಿನ ಚೀಟಿಯೊಂದನ್ನೇ ತೋರಿಸಿ ಪಡೆಯಬಹುದಾದ 5 ಕಿಲೋ ಸಿಲಿಂಡರ್ ಇದೆ. ಅಡುಗೆ ಮಾಡಲಾಗದ ದಿನಕ್ಕೆ, ಬೆಳಗಿನ ತಿಂಡಿಗೆ 5 ರೂಪಾಯಿ ಮತ್ತು ಊಟಕ್ಕೆ 10 ರೂಪಾಯಿಯಂತೆ 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್ ಹತ್ತಿರದಲ್ಲಿ ಎಲ್ಲಿದೆ ಎಂದು ತಿಳಿದಿಟ್ಟುಕೊಳ್ಳಿ. ಹೀಗೆ ನಡೆಸಿದರೆ ಆಹಾರದ ಖರ್ಚನ್ನು 5,000 ರೂಪಾಯಿಯ ಒಳಗೆ ಹಿಡಿದಿಡಬಹುದು.

ಉಳಿದದ್ದರಲ್ಲಿ ಊರಿಗೆ ಕಳಿಸುವ ಹಣವನ್ನು ಮೊದಲೇ ನಿಗದಿ ಮಾಡುವುದು ಅಗತ್ಯ. ಕೇಳಿದಾಗಲೆಲ್ಲ ಒಮ್ಮೆ ಐದು ಸಾವಿರ, ಒಮ್ಮೆ ಒಂದು ಸಾವಿರ ಕಳಿಸುವುದಕ್ಕಿಂತ ಪ್ರತಿ ತಿಂಗಳೂ ತಪ್ಪದೆ 3,000 ಕಳಿಸಿದರೆ ಮನೆಯವರಿಗೂ ಅಂದಾಜು ಸಿಗುತ್ತದೆ, ನಿಮಗೂ. ಮದುವೆಯ ಮುಯ್ಯಿಗೂ ಇದೇ ಮಾತು ಸಲ್ಲುತ್ತದೆ. ಮಾಘದಿಂದ ವೈಶಾಖದವರೆಗೆ ಸಾಲುಸಾಲಾಗಿ ಬರುವ ಲಗ್ನಪತ್ರಿಕೆಗಳು ಅನಿರೀಕ್ಷಿತ ಖರ್ಚೇನೂ ಅಲ್ಲ, ಆದರೂ ಪ್ರತಿ ವರ್ಷ ಅವು ನಮ್ಮನ್ನು ಬೆಚ್ಚಿಬೀಳಿಸುತ್ತವೆ.

ಜೊತೆಯಲ್ಲಿ ದುಡಿಯುವ ಇನ್ನೊಬ್ಬರಿಲ್ಲದ ಮನೆಯಲ್ಲಿ ಕೆಲಸ ಹೋದರೆ ಮರುತಿಂಗಳ ಬಾಡಿಗೆಗೇ ಕುತ್ತು. ಆದ್ದರಿಂದ ಸಂಬಳ ಬಂದ ದಿನವೇ 2,500 ರೂಪಾಯಿಯನ್ನು ಬೇರೆ ಖಾತೆಗೆ ವರ್ಗಾಯಿಸಿ, ಬಾಡಿಗೆ ಮತ್ತು ಊಟದ ನಾಲ್ಕು ತಿಂಗಳ ಖರ್ಚು ಕೂಡುವವರೆಗೆ ಅದನ್ನು ಮುಟ್ಟದಿರಬೇಕು. ಅಷ್ಟು ಕೂಡಲು ಹತ್ತಿರಹತ್ತಿರ ಎರಡು ವರ್ಷ ಬೇಕು. ಅಲ್ಲಿಯವರೆಗೆ ಚೀಟಿ, ಷೇರು, ಚಿನ್ನದ ಸ್ಕೀಮು ಯಾವುದೂ ಬೇಡ. ಮುಂದೆ ಚೀಟಿ ಹಾಕುವುದಾದರೂ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದದ್ದನ್ನೇ ಆರಿಸಿ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಉಳಿದ ಬಾಕಿಗೆ ತಿಂಗಳಿಗೆ ಶೇಕಡಾ ಮೂರೂವರೆಯಂತೆ ಬಡ್ಡಿ ಬೀಳಬಹುದು. ವರ್ಷಕ್ಕೆ ಅದು ಶೇಕಡಾ ನಲವತ್ತನ್ನು ದಾಟುತ್ತದೆ.

ಕಾಯಿಲೆಯ ವಿಷಯದಲ್ಲಿ ಸಂಬಳದ ಚೀಟಿಯೇ ದಾರಿ ತೋರಿಸುತ್ತದೆ. ಒಟ್ಟು ವೇತನ 21,000 ರೂಪಾಯಿಯನ್ನು ಮೀರದಿದ್ದರೆ ಅದರಲ್ಲಿ ಶೇಕಡಾ 0.75ರಷ್ಟು ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ಕಡಿತವಾಗುತ್ತಿರಬೇಕು. ಇದರಿಂದ ಚಿಕಿತ್ಸೆಯಷ್ಟೇ ಅಲ್ಲ, ಕಾಯಿಲೆಯಿಂದ ರಜೆಯಲ್ಲಿರುವ ದಿನಗಳಿಗೆ ನಿಯಮಾನುಸಾರ ವೇತನದ ಒಂದು ಭಾಗವೂ ದೊರೆಯುತ್ತದೆ. ಮಿತಿ ಮೀರಿದವರು ಕಂಪನಿಯ ಆರೋಗ್ಯ ವಿಮೆ ಎಷ್ಟು ಲಕ್ಷದ್ದು ಎಂದು ಕೇಳಿ, ಸಾಲದಿದ್ದರೆ ಸ್ವಂತದ್ದೊಂದನ್ನು ಮಾಡಿಸಿಕೊಳ್ಳಬೇಕು. ನಿಮ್ಮನ್ನೇ ಅವಲಂಬಿಸಿರುವವರು ಯಾರೂ ಇಲ್ಲದಿದ್ದರೆ, ಏಜೆಂಟರಾಗಿರುವ ಸೋದರಮಾವನಿಗೆ ಬೇಸರವಾದರೂ ಸರಿ, ದೊಡ್ಡ ಕಂತಿನ ಜೀವವಿಮೆಯನ್ನು ಮುಂದೂಡಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2 ಲಕ್ಷದ ಅಪಘಾತ ವಿಮೆ ಕೊಡುತ್ತದೆ. ಅದರ ವರ್ಷ ಜೂನ್ 1ಕ್ಕೆ ಆರಂಭವಾಗಿ, ಕಂತು ಬ್ಯಾಂಕ್ ಖಾತೆಯಿಂದಲೇ ಕಡಿತವಾಗುವುದರಿಂದ ಮೇ ಕೊನೆಯಲ್ಲಿ ಖಾತೆ ಬರಿದಾಗಿರಬಾರದು.

ಕೊನೆಯದಾಗಿ, ಬ್ಯಾಂಕ್ ಖಾತೆ, ಪಿಎಫ್‌ನ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಖಾತೆ ಸಂಖ್ಯೆ) ಮತ್ತು ವಿಮೆ ಮೂರಕ್ಕೂ ನಾಮಿನಿಯ ಹೆಸರು ದಾಖಲಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಕೆಲಸ ಬದಲಿಸಿದಾಗ ಹಳೆಯ ಪಿಎಫ್ ಹಣವನ್ನು ಬಿಡಿಸಿಕೊಂಡು ಖರ್ಚು ಮಾಡದೆ ಹೊಸ ಖಾತೆಗೆ ವರ್ಗಾಯಿಸಿ. ಈ ವಿವರಗಳನ್ನೆಲ್ಲ ಗುಪ್ತಪದಗಳಿಲ್ಲದೆ ಒಂದು ಹಾಳೆಯಲ್ಲಿ ಬರೆದು ಅಕ್ಕನ ಅಥವಾ ನಂಬಿಕಸ್ಥ ಗೆಳೆಯನ ಕೈಗೆ ಕೊಟ್ಟಿಡಿ. ಒಬ್ಬರೇ ಇರುವ ಕೋಣೆಯಲ್ಲಿ ಆ ಕಾಗದ ಎಲ್ಲಿದೆಯೆಂದು ತಿಳಿದಿರುವವರು ಬೇರೆ ಯಾರೂ ಇರುವುದಿಲ್ಲ.