ವಯಸ್ಸಾದ್ಮೇಲೆ ಜನರನ್ನ ಉಳಿಸ್ಕೊಳೋದು, ಥ್ಯಾಂಕ್ಸ್ ಹೇಳೋದು ಹೆಂಗೆ

ಫೋನಲ್ಲಿ ಇನ್ನೂರು ನಂಬರ್ ಇರುತ್ತೆ, ರಾತ್ರಿ ಎರಡು ಗಂಟೇಲಿ ಎದೆ ನೋವು ಬಂದ್ರೆ ಯಾರಿಗೆ ಮಾಡ್ಬೇಕು ಅಂದ್ರೆ ಮೂರು ಹೆಸರು ಹೊಳೆಯಲ್ಲ. ಹಂಗಾಗಿ ಮೊದ್ಲು ಒಂದು ಹಾಳೆ ತಗೊಂಡು ಬರೀರಿ: ಆಸ್ಪತ್ರೆಗೆ ಜೊತೆಗೆ ಬರೋರು ಯಾರು, ಮನಸ್ಸು ಬಿಚ್ಚಿ ಮಾತಾಡೋಕೆ ಯಾರು, ಬರೀ ಹರಟೆಗೆ ಯಾರು. ಮೂರೂ ಕಡೆ ಒಂದೇ ಹೆಸರು ಬಂದ್ರೆ (ಜಾಸ್ತಿ ಮಗಳದ್ದೋ ಹೆಂಡ್ತಿದೋ ಇರುತ್ತೆ) ಭಾರ ಎಲ್ಲ ಒಬ್ರ ತಲೆ ಮೇಲೆ ಬಿದ್ದಿದೆ ಅಂತ. ಇನ್ನೊಬ್ರನ್ನ ಹುಡುಕ್ಕೊಳಿ. ಬಳಗ ಚಿಕ್ಕದಾಯ್ತು ಅಂತ ಮಾತ್ರ ಕೊರಗ್ಬೇಡಿ, ವಯಸ್ಸಾದಂಗೆ ನಾವೇ ಬೇಕಾದೋರನ್ನ ಇಟ್ಕೊಂಡು ಮಿಕ್ಕೋರನ್ನ ಬಿಡ್ತಾ ಬರ್ತೀವಿ ಅಂತ ಲಾರಾ ಕಾರ್ಸ್ಟೆನ್ಸನ್ ಅನ್ನೋ ಮನಶ್ಶಾಸ್ತ್ರಜ್ಞೆ ಎಷ್ಟೋ ವರ್ಷದಿಂದ ಹೇಳ್ತಿದಾರೆ.

ಆಮೇಲೆ ಥ್ಯಾಂಕ್ಸ್. "ಎಲ್ಲಾದಕ್ಕೂ ಥ್ಯಾಂಕ್ಸ್" ಅಂದ್ರೆ ಕೇಳ್ದೋರಿಗೆ ಏನೂ ಅನ್ಸಲ್ಲ. "ಕಣ್ಣಿನ ಆಪರೇಷನ್ ಆದಾಗ ನಾಲ್ಕು ದಿನ ಬಂದು ಡ್ರಾಪ್ಸ್ ಹಾಕಿದ್ಯಲ್ಲ, ಧೈರ್ಯ ಬಂತು ನಂಗೆ" ಅನ್ನಿ, ಅವ್ರು ಏನು ಮಾಡಿದ್ರು, ನಿಮಗೇನಾಯ್ತು, ಅಷ್ಟೇ. ನಾಚ್ಕೆ ಆಗುತ್ತೆ, ಗೊತ್ತು. ಆದ್ರೆ 2018ರಲ್ಲಿ ಕುಮಾರ್, ಎಪ್ಲಿ ಅನ್ನೋ ಇಬ್ರು ಸಂಶೋಧಕರು ಥ್ಯಾಂಕ್ಸ್ ಪತ್ರ ಬರೆಸಿ ನೋಡಿದ್ರು, ಓದ್ದೋರಿಗೆ ಮುಜುಗರ ಆಗುತ್ತೆ ಅಂತ ಬರ್ದೋರು ಅಂದ್ಕೊಂಡಷ್ಟು ಆಗ್ಲಿಲ್ಲ, ಖುಷಿ ಮಾತ್ರ ಅಂದ್ಕೊಂಡಿದ್ದಕ್ಕಿಂತ ಜಾಸ್ತೀನೇ ಆಗಿತ್ತು. ಕೈ ನಡುಗುತ್ತೆ ಅಂದ್ರೆ ವಾಯ್ಸ್ ಮೆಸೇಜ್ ಕಳ್ಸಿ.

ಯಾರಿಗೆ ಯಾಕೆ ಥ್ಯಾಂಕ್ಸ್ ಹೇಳ್ಬೇಕು ಅಂತ ಡೈರೀಲಿ ಬರೆಯೋದಾದ್ರೆ ವಾರಕ್ಕೊಂದ್ಸಲ ಸಾಕು, ದಿನಾ ಬರೀತಾ ಹೋದ್ರೆ ಹಾಜರಿ ಹಾಕ್ದಂಗೆ ಆಗ್ಬಿಡುತ್ತೆ.

ನನ್ ಪ್ರಕಾರ ಎಲ್ರೂ ಮರೆಯೋದು ಇದು: ಬರೀ ತಗೊಳೋದಲ್ಲ, ಕೊಡಿ. 2003ರಲ್ಲಿ ಬಂದ ಒಂದು ಅಧ್ಯಯನ, 423 ವಯಸ್ಸಾದ ದಂಪತಿಗಳನ್ನ ಐದು ವರ್ಷ ನೋಡಿದ್ದು, ಬೇರೆಯವ್ರಿಗೆ ಸಹಾಯ ಮಾಡ್ತಿದ್ದೋರಲ್ಲಿ ಸಾವು ಕಡಿಮೆ ಇತ್ತು, ಬರೀ ಸಹಾಯ ತಗೊಂಡಿದ್ರಿಂದ ಆ ಲಾಭ ಕಾಣ್ಲಿಲ್ಲ. ಗಟ್ಟಿಮುಟ್ಟಾಗಿರೋರೇ ತಾನೆ ಸಹಾಯ ಮಾಡೋದು ಅಂತೀರಾ? ಆರೋಗ್ಯನೂ ಲೆಕ್ಕಕ್ಕೆ ತಗೊಂಡೇ ನೋಡಿದ್ರು. ಮಂಡಿ ನೋವಿದ್ರೂ ಮೊಮ್ಮಗು ಲೆಕ್ಕ ಮಾಡುವಾಗ ಪಕ್ಕ ಕೂತ್ಕೋಬೋದು, ಒಂಟಿಯಾಗಿರೋ ಗೆಳೆಯನಿಗೆ ಬೆಳಿಗ್ಗೆ ಫೋನ್ ಮಾಡಿ "ಮಾತ್ರೆ ತಗೊಂಡ್ಯೇನೋ" ಅನ್ಬೋದು. ಮಕ್ಳಿಗೂ ಒಂದು ಮಾತು, ಅಪ್ಪ ಅಮ್ಮನ ಕೈಯಿಂದ ಎಲ್ಲಾ ಕೆಲ್ಸ ಕಿತ್ಕೋಬೇಡಿ.

ಇನ್ನು ಎರಡು ವಾರ ಆದ್ರೂ ನಿದ್ದೆ ಇಲ್ಲ, ಯಾವ್ದ್ರಲ್ಲೂ ಆಸಕ್ತಿ ಇಲ್ಲ ಅಂದ್ರೆ ಡೈರಿ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ, ಆ ಲಿಸ್ಟಲ್ಲಿರೋರಲ್ಲಿ ಒಬ್ರನ್ನ ಜೊತೆಗೆ ಕರ್ಕೊಂಡು.