ಗೆರೆ ಇಲ್ಲದ ಗೋಯಾ: ಹನ್ನೊಂದನೇ ತಗಡಿಗೆ ಕೈಗೂಡಿತು

ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಕಾಳುಗಳ ನಡುವಿನ ತಾಮ್ರವನ್ನು ದ್ರಾವಣದಲ್ಲಿ ಕೊರೆಸಿ, ಮಸಿ ಹಚ್ಚಿ ಕಾಗದಕ್ಕೆ ಅಚ್ಚು ತೆಗೆಯುವುದು ಅಕ್ವಾಟಿಂಟ್. "ರಾಳ ಯಾಕಪ್ಪಾ, ಸ್ಪ್ರೇ ಪೇಂಟ್ ಹೊಡಿ, ಮುಗೀತು" ಅಂತ ಸ್ಟುಡಿಯೋದಲ್ಲಿ ಎಲ್ಲರೂ ಅಂದಿದ್ದರು. ಹತ್ತು ತಗಡು ಕೆಡುವವರೆಗೂ ಅವರ ಮಾತೇ ನಿಜ ಅನ್ನಿಸಿತ್ತು. ಹನ್ನೊಂದನೆಯದು ಬಂತು ನೋಡಿ, ಅದಕ್ಕೇ ಬರೆಯುತ್ತಿದ್ದೇನೆ.

ನಕಲು ಮಾಡಲು ಹಿಡಿದದ್ದು ಸ್ಪೇನಿನ ಚಿತ್ರಕಾರ ಗೋಯಾನ 80 ಅಚ್ಚುಚಿತ್ರಗಳ ಸರಣಿ 'ಲೋಸ್ ಕಾಪ್ರಿಚೋಸ್'ನ 32ನೇ ಚಿತ್ರ. 80ರಲ್ಲಿ ಬಹುಪಾಲಿಗೆ ಎಚಿಂಗ್ ಗೆರೆಯ, ಅಂದರೆ ಸೂಜಿಯಲ್ಲಿ ಗೀರಿ ಕೊರೆಸಿದ ಗೆರೆಯ, ಆಸರೆ ಇದೆ, ಇದಕ್ಕಿಲ್ಲ. ಸೆರೆಮನೆಯ ಕತ್ತಲಲ್ಲಿ ಕೂತ ಹೆಣ್ಣು, ಬರೀ ಅಕ್ವಾಟಿಂಟ್‌ನ ಬೂದು-ಕಪ್ಪು ಛಾಯೆಗಳು. ಕತ್ತೆ ತನ್ನ ವಂಶಾವಳಿ ತೋರಿಸುವ 39ನೆಯದು ನನಗೆ ಇನ್ನೂ ಇಷ್ಟ, ಆದರೆ ಜಿದ್ದಿಗೆ ಬಿದ್ದದ್ದು 32ರ ಮೇಲೆ.

ಮೊದಲ ನಾಲ್ಕು ತಗಡಲ್ಲಿ ರಾಳ ಅತಿಯಾಗಿ ಕಾಯ್ತು. ಕಾಳುಕಾಳಾಗಿ ಅಂಟಬೇಕಾದ್ದು ಕರಗಿ ಗಾಜಿನ ಪದರವಾಗಿ, ತಾಮ್ರ ಕೊರೆಯುವ ಫೆರಿಕ್ ದ್ರಾವಣ ಒಳಗಿಳಿಯಲೇ ಇಲ್ಲ. ಹೆದರಿ ಕಡಿಮೆ ಕಾಯಿಸಿದೆ, ಪುಡಿ ಟ್ರೇಯಲ್ಲೇ ತೇಲಿಹೋಯ್ತು. ಒಂದು ಸಲ ಯಾರೋ ಫ್ಯಾನ್ ಹಾಕಿಬಿಟ್ಟರು. ಆ ಕಥೆ ಬೇಡ. ತಗಡಿನಡಿ ಉರಿ ಆಡಿಸುವಾಗ ಬೆಳ್ಳನೆಯ ಪುಡಿ ಒಂದು ಮೂಲೆಯಿಂದ ಮಾಯವಾಗುತ್ತಾ ತಾಮ್ರದ ಬಣ್ಣ ಎದ್ದು ಬರುತ್ತೆ. ಬಂದ ಕೂಡಲೇ ಉರಿ ಮುಂದೆ ಸರಿಯಬೇಕು. ಎರಡು ಸೆಕೆಂಡ್ ತಡವಾದರೂ ಕೆಟ್ಟಿತು.

ಫೆರಿಕ್‌ನಲ್ಲಿ ತಿಳಿ ಬೂದು ಬಣ್ಣಕ್ಕೆ ಸುಮಾರು 20 ಸೆಕೆಂಡ್, ನಡುವಿನದಕ್ಕೆ ಎರಡೂವರೆ ನಿಮಿಷ, ಕಡುಗಪ್ಪಿಗೆ ಹದಿನೈದು ನಿಮಿಷದ ಆಸುಪಾಸು. ಬೆಳಕಿನ ಭಾಗವನ್ನೆಲ್ಲ ಫೆರಿಕ್ ತಾಗದಂತೆ ವಾರ್ನಿಶ್‌ನಲ್ಲೇ ಮುಚ್ಚಿದರೆ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತೆ. ತಗಡನ್ನು ಉಜ್ಜಿ ನುಣುಪಾಗಿಸಿ ಬೆಳಕು ತರುವ ಬರ್ನಿಶರ್‌ಗೂ ಸ್ವಲ್ಪ ಉಳಿಸಿ. ಉದುರಿಸಲು ರಾಳವನ್ನು ಎಂಥ ಬಟ್ಟೆಯಲ್ಲಿ, ಎಷ್ಟು ಪದರ ಕಟ್ಟಿದೆ ಅನ್ನೋದನ್ನ ಮಾತ್ರ ಹೇಳಲ್ಲ. ಹತ್ತು ತಗಡು ತೆತ್ತು ಕಲಿತದ್ದು.

ಸಕ್ಕರೆ ಪಾಕದಲ್ಲಿ ಕುಂಚದಿಂದ ಬರೆದು, ಮೇಲೆ ವಾರ್ನಿಶ್ ಹಚ್ಚಿ, ನೀರಲ್ಲಿ ಬರೆದದ್ದನ್ನು ಎಬ್ಬಿಸುವ ವಿಧಾನಕ್ಕೆ ಶುಗರ್ ಲಿಫ್ಟ್ ಅಂತಾರೆ. ನಡುವೆ ಅದಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿಯೂ ನೋಡಿದೆ. ರಾತ್ರಿ ಒಣಗಲು ಬಿಟ್ಟೆ, ಬೆಳಿಗ್ಗೆ ಇರುವೆ ಸಾಲು. ಅವು ಬಿಟ್ಟ ಕಡೆ ಕುಂಚದ ಹೊಡೆತ ಚೆನ್ನಾಗೇ ಎದ್ದಿತು!

ಖರ್ಚು ಹದಿನಾರು ಸಾವಿರ ದಾಟಿರಬೇಕು, ಅದರಲ್ಲಿ ಅರ್ಧಕ್ಕೂ ಹೆಚ್ಚು ತಾಮ್ರಕ್ಕೇ. ಹದಿನೆಂಟು ಪ್ರತಿ ತೆಗೆದೆ, ಕೊನೆಯದರಲ್ಲಿ ತಿಳಿ ಬೂದು ಛಾಯೆ ಆಗಲೇ ಸವೆಯುತ್ತಿತ್ತು. ತಲಾ ಎರಡು ಸಾವಿರದಂತೆ ಐದು ಹೋದವು. ಗೋಯಾನೂ ಗೆದ್ದವನೇನಲ್ಲ. 1799ರ ಫೆಬ್ರವರಿಯಲ್ಲಿ, ಮ್ಯಾಡ್ರಿಡ್‌ನಲ್ಲಿ ಅತ್ತರು, ಮದ್ಯ ಮಾರುವ ಅಂಗಡಿಯಲ್ಲಿ ಸೆಟ್ಟಿಗೆ 320 ರಿಯಾಲ್‌ನಂತೆ ಇಟ್ಟ, ಹೋದದ್ದು 27. ಕೊನೆಗೆ 1803ರಲ್ಲಿ ತಗಡುಗಳನ್ನೂ ಉಳಿದ 240 ಸೆಟ್ಟನ್ನೂ ದೊರೆ ನಾಲ್ಕನೇ ಕಾರ್ಲೋಸ್‌ಗೆ ಒಪ್ಪಿಸಿ, ಮಗನಿಗೆ ಪಿಂಚಣಿ ಮಾಡಿಸಿಕೊಂಡ. ನನ್ನ ಉಳಿದ ಹದಿಮೂರು ಮಂಚದ ಕೆಳಗಿವೆ.